ಎದುರು ಮನೆಯ ಆಂಟಿ ಕಾಯಿಸಿದ ಬೇರು

ಕಳೆದ ವಾರ ಮಲೇಷ್ಯಾದ ನಮ್ಮ ಊರು ನಿಲಾಯ್‌ನ ಚೀನೀ ಔಷಧಿ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ಆ ವಾಸನೆ ಬಂತು. ಒಣಮಣ್ಣು, ಬೆಲ್ಲ, ಚೂರು ಹುಲ್ಲು... ಡಾಂಗ್‌ಶೆನ್. ಸುಕ್ಕುಗಟ್ಟಿದ ಸಣ್ಣ ಹಳದಿ ಬೇರು. ಬಳಲಿದವರಿಗೆ ಮೆಲ್ಲಗೆ ಬಲ ಕೊಡುತ್ತದೆ ಎಂದು ಇಲ್ಲಿನ ಚೀನೀಯರ ನಂಬಿಕೆ. ನನಗೆ ಅದನ್ನು ಕುಡಿಸಿದವರು ಎದುರು ಮನೆಯ ಚೀನೀ ಆಂಟಿ.

ಆಗ ಲಾಕ್‌ಡೌನ್. ಜಿಲ್ಲೆ ದಾಟುವಂತಿರಲಿಲ್ಲ, ನನ್ನ ಗಂಡ ಕೆಲಸಕ್ಕೆಂದು ಕ್ಲಾಂಗ್ ಬಂದರಿನಲ್ಲೇ ಉಳಿದಿದ್ದರು. ನನ್ನ ನಾಲ್ಕು ತಿಂಗಳ ಬಸಿರು ಇಳಿದುಹೋದದ್ದು ಆಗಲೇ. ಆಸ್ಪತ್ರೆಗೆ ಒಬ್ಬಳೇ ಹೋದೆ, ಒಬ್ಬಳೇ ಬಂದೆ. ದುಃಖಕ್ಕಿಂತ ಮೊದಲು ಬಂದದ್ದು ನಾಚಿಕೆ, ಏನೋ ಕೆಟ್ಟದ್ದು ಮಾಡಿ ಸಿಕ್ಕಿಬಿದ್ದವಳ ಹಾಗೆ. ಪುತ್ತೂರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿ, "ಹೊಟ್ಟೆ ಎಷ್ಟು ಬಂದಿದೆ, ತೋರ್ಸು ಮಗಾ" ಅಂದರು. ನಾನು ಮುಖವನ್ನಷ್ಟೇ ತೋರಿಸಿ, ನೆಟ್‌ವರ್ಕ್ ಸರಿಯಿಲ್ಲವೆಂದು ಕಟ್ ಮಾಡಿದೆ. ಆಮೇಲೆ ಅವರಿಗೆ ವಿಷಯ ತಿಳಿಸಿದ್ದು ನನ್ನ ಗಂಡ.

ನಾನು ಗೋಡೆ ಹಿಡಿದುಕೊಂಡು ಮನೆಗೆ ಬಂದದ್ದನ್ನು ಆಂಟಿ ನೋಡಿರಬೇಕು. ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಗ್ರಿಲ್‌ಗೆ ಒಂದು ಫ್ಲಾಸ್ಕ್ ತೂಗುತ್ತಿತ್ತು. ಡಾಂಗ್‌ಶೆನ್, ಒಣಗಿದ ಕೆಂಪು ಬೋರೆಹಣ್ಣು ಹಾಕಿ ಕಾಯಿಸಿದ ಸಿಹಿ ನೀರು. ನಾನು ಮಾಂಸ ತಿನ್ನುವುದಿಲ್ಲವೆಂದು ಅವರಿಗೆ ಗೊತ್ತಿತ್ತು; ಕೋಳಿ ಹಾಕಿಲ್ಲ, ಕುಡಿ ಎಂದು ತಮ್ಮ ಬಾಗಿಲಿನಿಂದಲೇ ಹೇಳಿದರು. ನಾನು ತಲೆ ಎತ್ತಲಿಲ್ಲ. ದಿನಾ ಹೀಗೇ ನಡೆಯಿತು. ಅವರ ಕಣ್ಣಿಗೆ ಬೀಳಬಾರದೆಂದು ಅವರು ಏಳುವ ಮೊದಲೇ ಖಾಲಿ ಫ್ಲಾಸ್ಕ್ ಹೊರಗಿಡುತ್ತಿದ್ದೆ.

ಒಮ್ಮೆ ಎದುರಾಗಿಬಿಟ್ಟರು. ನನಗೇನೂ ಆಗಿಲ್ಲ ಆಂಟಿ, ಬರೀ ಜ್ವರ ಅಂದೆ. ಅವರು ಮಾಸ್ಕ್ ಸರಿಮಾಡಿಕೊಂಡರು. ಆಮೇಲೆ ಮಲಯ್, ಇಂಗ್ಲಿಷ್ ಬೆರೆಸಿದ ತಮ್ಮ ಮಾತಿನಲ್ಲಿ ಅಂದರು: "ಜ್ವರ ಅಂತಲೇ ಇರಲಿ ಲಾ. ನಾನು ಯಾರಿಗೂ ಹೇಳಲ್ಲ. ನೀನು ಕುಡಿ."

ಮರುವರ್ಷ ಆಂಟಿ ಕೋವಿಡ್‌ನಿಂದ ತೀರಿಕೊಂಡರು. ಮುಖ ನೋಡಲೂ ಬಿಡಲಿಲ್ಲ... ಮನೆ ಖಾಲಿ ಮಾಡಲು ಬಂದ ಅವರ ಮಗಳು ಅಡುಗೆಮನೆಯಲ್ಲಿ ಸಿಕ್ಕ ಬೇರಿನ ಕಟ್ಟುಗಳನ್ನು ಹಿಡಿದುಕೊಂಡು ಹೊರಗೆ ಬಂದರು. ಲಾಕ್‌ಡೌನಿನಲ್ಲಿ ಅಮ್ಮ ಇದನ್ನು ಯಾರಿಗೋ ಕಾಯಿಸುತ್ತಿದ್ದರು, ಯಾರಿಗೆ ಅಂತ ಎಷ್ಟು ಕೇಳಿದರೂ ಹೇಳಲಿಲ್ಲ, ನಿಮಗೆ ಗೊತ್ತಾ ಎಂದು ಕೇಳಿದರು.

ಗೊತ್ತಿಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು.

"ನನಗೆ" ಅಂದೆ. "ನನ್ನ ಮಗು ಹೋಗಿತ್ತು."

ಗಂಡನನ್ನು ಬಿಟ್ಟರೆ ಇನ್ನೊಬ್ಬರೆದುರು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಕೆ ನನ್ನ ಕೈ ಹಿಡಿದುಕೊಂಡರು.

ಈಗ ಎದುರು ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯ ಜನ. ಆಂಟಿ ಇದ್ದಷ್ಟು ದಿನ ಅವರ ಮುಖ ನೋಡಿ ನಿಜ ಹೇಳುವುದು ಮಾತ್ರ ನನ್ನಿಂದಾಗಲಿಲ್ಲ.