ಹಗ್ಗದ ಮೇಷ್ಟ್ರು

ಪಶುವೈದ್ಯಕೀಯ ಕಾಲೇಜಿನ ಪ್ರಸೂತಿ ವಿಭಾಗದಲ್ಲಿ ಪಾಠ ಹೇಳುವವರು ಐವರಿದ್ದರು. ನಾಲ್ವರ ಹೆಸರು ಬಾಗಿಲ ಮೇಲಿನ ಫಲಕದಲ್ಲಿತ್ತು. ಐದನೆಯವರ ಹೆಸರು ಅಲ್ಲಿರಲಿಲ್ಲ, ಏಕೆಂದರೆ ಅವರು ಕೊಟ್ಟಿಗೆಯ ಅಟೆಂಡರ್. ವಿದ್ಯಾರ್ಥಿಗಳು ಅವರನ್ನು ‘ಹಗ್ಗದ ಮೇಷ್ಟ್ರು’ ಎಂದು ಕರೆಯುತ್ತಿದ್ದರು. ಕರೆದಾಗಲೆಲ್ಲ ಅವರು, “ಸುಮ್ನಿರಪ್ಪಾ, ಮೇಷ್ಟ್ರಂತೆ ಮೇಷ್ಟ್ರು” ಎಂದು ಗದರುತ್ತಿದ್ದರು. ಆದರೆ ಗದರಿದ ಮೇಲೆ ಅವರ ಮೀಸೆಯ ತುದಿ ಸ್ವಲ್ಪ ಮೇಲಕ್ಕೇರಿರುತ್ತಿತ್ತು.

ಅವರ ಕೆಲಸ ಹಸುವಿನ ತಲೆ ಹಿಡಿಯುವುದು. ಹಸು ಗಬ್ಬವೋ ಅಲ್ಲವೋ, ಗಬ್ಬವಾದರೆ ಎಷ್ಟು ತಿಂಗಳು ಎಂಬುದನ್ನು ಪಶುವೈದ್ಯರಾಗುವವರು ಕೈಯಿಂದಲೇ ಹೇಳಬೇಕು. ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ತೊಟ್ಟು, ಸಾಬೂನು ನೀರು ಸವರಿಕೊಂಡು, ಹಸುವಿನ ಹಿಂಬದಿಯಿಂದ ಕೈ ಹಾಕಿ, ಒಳಗಿನ ಕತ್ತಲೆಯಲ್ಲಿ ಗರ್ಭಕೋಶವನ್ನು ತಡಕಿ ಹುಡುಕಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಈ ವಿಭಾಗಕ್ಕೆ ಒಪ್ಪುವಷ್ಟು ಬೇರೆಲ್ಲಿಗೂ ಒಪ್ಪದು. ಹಾಗೆ ತಡಕುವಾಗ ಹಸು ಕದಲದಂತೆ, ನಾಲ್ಕು ಕಂಬಗಳ ಚೌಕಟ್ಟಿನ ಮುಂದೆ ನಿಂತು, ಕೊರಳ ಕೆಳಗಿನ ಗಂಗೆದೊಗಲನ್ನು ನೀವುತ್ತಾ, ಅದರ ಕಿವಿಯಲ್ಲಿ ಏನಾದರೊಂದು ಮಾತಾಡುತ್ತಾ ಇಪ್ಪತ್ತಾರು ವರ್ಷಗಳಿಂದ ಹಗ್ಗ ಹಿಡಿದವರು ಇವರು.

ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹುಡುಗ ಪರೀಕ್ಷೆಯಲ್ಲಿ ಹೆದರಿ, ಐದು ತಿಂಗಳ ಗಬ್ಬದ ಹಸುವನ್ನು ಖಾಲಿ ಎಂದುಬಿಟ್ಟ. ಆಮೇಲೆ ಹುಲ್ಲಿನ ಮೆದೆಯ ಹಿಂದೆ ಕುಳಿತು, ಬಿಚ್ಚಲೂ ಮರೆತಿದ್ದ ಕೈಗವಸಿನಿಂದಲೇ ಕಣ್ಣೊರೆಸಿಕೊಂಡು ಅತ್ತ. ಅದನ್ನು ಕಂಡ ಅಟೆಂಡರ್ ಆ ದಿನ ತಟ್ಟೆಯ ಮುಂದಿನಿಂದ ಉಣ್ಣದೇ ಎದ್ದರು. ಮುಂದಿನ ವರ್ಷದ ಪರೀಕ್ಷೆಯಲ್ಲಿ ನಡುಗುತ್ತಿದ್ದ ಒಬ್ಬ ಹುಡುಗಿಯನ್ನು ನೋಡಿ ಅವರು ಹಗ್ಗವನ್ನು ಮೆಲ್ಲಗೆ ನಾಲ್ಕು ಬಾರಿ ಜಗ್ಗಿದರು. ಹಸು ನಾಲ್ಕು ಬಾರಿ ತಲೆಯಾಡಿಸಿತು. ಹುಡುಗಿ ಜಾಣೆ, “ನಾಲ್ಕು ತಿಂಗಳು, ಸರ್” ಎಂದಳು.

ಆ ಮೇಲೆ ಅದೇ ಪದ್ಧತಿಯಾಯಿತು. ಎಷ್ಟು ತಿಂಗಳೋ ಅಷ್ಟು ಜಗ್ಗು. ಹಗ್ಗ ಸಡಿಲವಾಗಿಯೇ ಇದ್ದರೆ ಖಾಲಿ. ಏಳೆಂಟು ತಿಂಗಳಿನದಕ್ಕೆ ಹಗ್ಗ ಬೇಕಿರಲಿಲ್ಲ, ಕರುವೇ ಒಳಗಿನಿಂದ ಒದ್ದು ಉತ್ತರ ಹೇಳುತ್ತಿತ್ತು. ಅವರು ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹಳೆಯ ಗಂಬೂಟುಗಳ ಜೊತೆಗೆ ಈ ಗುಟ್ಟನ್ನೂ ದಾಟಿಸಿ ಹೋಗುತ್ತಿದ್ದರು. ಅದು ತಪ್ಪು ಎಂಬುದು ಮೇಷ್ಟ್ರಿಗೆ ತಿಳಿಯದೇ ಇರಲಿಲ್ಲ. ಆದರೆ ಅಳುವ ಮಕ್ಕಳನ್ನು ನೋಡಲಾರದ ಮನುಷ್ಯನಿಗೆ ತಪ್ಪು ಸಣ್ಣದಾಗಿ ಕಾಣುತ್ತದೆ, ಕಣ್ಣೀರು ದೊಡ್ಡದಾಗಿ ಕಾಣುತ್ತದೆ.

ತೊಡಕು ಬಂದುದು ಅವರ ಮಗಳೇ ಆ ಕಾಲೇಜಿಗೆ ಸೇರಿದಾಗ.

ಕೊಟ್ಟಿಗೆಗಳ ಹಿಂದಿನ ಎರಡು ಕೋಣೆಯ ವಸತಿಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಒಣಹುಲ್ಲಿನ ಹೊರೆಯ ಮೇಲೆ ಕುಳಿತು ಮಗ್ಗಿ ಬಾಯಿಪಾಠ ಮಾಡಿದವಳು. ತನ್ನದೇ ಅಂಕಗಳಿಂದ ಸೀಟು ಪಡೆದು ಬಿಳಿ ಕೋಟು ಹಾಕಿಕೊಂಡ ದಿನ ಅಪ್ಪ ಆಕೆಯನ್ನು ನೇರವಾಗಿ ನೋಡಲಾರದೆ, ಹಸುವಿನ ಬೆನ್ನ ಮೇಲಿಂದ ಇಣುಕಿ ನೋಡಿದ್ದರು. ನಾಲ್ಕು ವರ್ಷ ಎಲ್ಲವೂ ಸರಿಯಾಗಿಯೇ ಹೋಯಿತು. ಕೊನೆಯ ವರ್ಷ ಪ್ರಸೂತಿ ವಿಷಯ ಬಂದಾಗ ಸಹಪಾಠಿಗಳ ಚುಡಾಯಿಕೆ ಶುರುವಾಯಿತು.

“ನಿಂಗೇನಮ್ಮ, ಹಗ್ಗ ಮನೇಲೇ ಇದೆ” ಎಂದ ಒಬ್ಬ. ಉದ್ದಕ್ಕಿದ್ದುದರಿಂದ ಅವನಿಗೆ ‘ಏಣಿ’ ಎಂಬ ಅಡ್ಡಹೆಸರಿತ್ತು. “ನಾವು ಓದಿ ಪಾಸಾಗ್ಬೇಕು, ನೀನು ಆ ಮನೇಲಿ ಹುಟ್ಟಿದ್ದಕ್ಕೇ ಪಾಸು!”

ತಮಾಷೆಗೆ ಆಡಿದ ಮಾತು. ಆದರೆ ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಅಂದಿನಿಂದ ಮನೆಯಲ್ಲಿ ಹೊಸದೊಂದು ತಾಲೀಮು ನಡೆಯಿತು. ಬಕೆಟ್ಟಿನ ತುಂಬ ನೀರು, ಅದರ ಮೇಲೆ ಒದ್ದೆ ಗೋಣಿಚೀಲ. ಅಮ್ಮ ಅದರೊಳಗೆ ನಿಂಬೆಹಣ್ಣು, ಆಲೂಗಡ್ಡೆ, ನೀರು ತುಂಬಿದ ಬಲೂನು ಹಾಕುವುದು. ಮಗಳು ಕಣ್ಣು ಮುಚ್ಚಿ, ಎಡಗೈ ಇಳಿಸಿ, ಯಾವುದು ಯಾವುದು, ಎಷ್ಟು ದಪ್ಪ ಎಂದು ಹೇಳುವುದು.

“ಇದು ಆಲೂಗಡ್ಡೆ. ಮೊಳಕೆ ಬಂದಿದೆ, ಅಮ್ಮ.”

“ಹಾಗಾದ್ರೆ ಅದಕ್ಕೆ ಎಷ್ಟು ತಿಂಗಳು ಅಂತ್ಲೂ ಹೇಳಿಬಿಡು, ತಾಯಿ. ನಾನು ಬಾಣಂತನಕ್ಕೆ ಸಿದ್ಧ ಮಾಡ್ಕೋತೀನಿ” ಎನ್ನುತ್ತಿದ್ದಳು ಅಮ್ಮ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅಪ್ಪ ಹಾಲಿನ ಕ್ಯಾನುಗಳನ್ನು ತೊಳೆಯುತ್ತಿದ್ದಾಗ ಮಗಳು ಎದುರಿಗೆ ಬಂದು ನಿಂತಳು.

“ಅಪ್ಪಾ, ನಾಳೆ ಹಗ್ಗ ಅಲುಗಬಾರ್ದು.”

“ಹಸು ಅಲುಗಿಸಿದ್ರೆ?”

“ಹಸು ಅಲುಗಿಸಿದ್ರೆ ಅದರ ಇಷ್ಟ. ನೀನು ಅಲುಗಿಸಬಾರ್ದು. ನಾನು ಪಾಸಾದ್ರೆ ನನ್ನ ಕೈಯಿಂದ ಪಾಸಾಗ್ಬೇಕು. ಇಲ್ದಿದ್ರೆ ಸಾಯೋವರೆಗೂ ಜನ ಹಗ್ಗದ ಡಾಕ್ಟ್ರು ಅಂತಾರೆ.”

“ಫೇಲಾದ್ರೆ ಒಂದು ವರ್ಷ ಹೋಗುತ್ತಲ್ಲೇ, ಮಗಳೇ?”

“ಹೋದ್ರೆ ಹೋಗ್ಲಿ. ಮಾತು ಕೊಡು.”

ಅಪ್ಪ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮಾತು ಕೊಟ್ಟರು. ಕೊಟ್ಟ ಮೇಲೆ ತಮ್ಮ ಮೇಲೆ ತಮಗೇ ನಂಬಿಕೆ ಬರಲಿಲ್ಲ. ಹೋಗಿ ಪ್ರೊಫೆಸರನ್ನು ಕಂಡು, “ನಾಳೆ ಬೇರೆಯವರನ್ನ ಹಾಕಿ ಸಾರ್, ಬೆನ್ನು ನೋವು” ಎಂದರು.

ಪ್ರೊಫೆಸರು ಕನ್ನಡಕದ ಮೇಲಿಂದ ನೋಡಿದರು. “ನಲವತ್ತೊಂದನ್ನ ನೀವಲ್ದೆ ಯಾರಪ್ಪ ಹಿಡೀತಾರೆ? ಹೋದ ಸಲ ಬೇರೆಯವರು ಹಿಡಿದಾಗ ಪರೀಕ್ಷಕರ ಕನ್ನಡಕಾನ ಸಗಣೀಲಿ ಹುಡುಕಿದ್ವಿ. ಬೆನ್ನಿಗೆ ಎಣ್ಣೆ ಹಚ್ಕೊಂಡು ಬನ್ನಿ.”

ನಲವತ್ತೊಂದು ಎಂದರೆ ಕಿವಿಯ ಬಿಲ್ಲೆಯಲ್ಲಿ ಆ ಸಂಖ್ಯೆಯಿದ್ದ ಕಪ್ಪುಬಿಳಿ ಹಸು. ಮಾತುಮಾತಿಗೆ ಮುನಿಸಿಕೊಳ್ಳುವ ಅದನ್ನು ಮೇಷ್ಟ್ರು ‘ಸೊಸೆ’ ಎಂದು ಕರೆಯುತ್ತಿದ್ದರು. ಅದು ಮೂರು ತಿಂಗಳ ಗಬ್ಬವೆಂದು ರಿಜಿಸ್ಟರಿನಲ್ಲಿ ಬರೆದಿತ್ತು. ಒಂದೂವರೆ ತಿಂಗಳ ಹಿಂದೆ ಪ್ರೊಫೆಸರೇ ಕೈ ಹಾಕಿ ನೋಡಿ ಹೌದೆಂದಿದ್ದರು. ಮೇಷ್ಟ್ರಿಗಂತೂ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ಪರೀಕ್ಷೆಯ ದಿನ ಬಂತು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಮಿತಭಾಷಿ; ನಕ್ಕರೆ ಎಲ್ಲಿ ಅಂಕ ಉದುರಿಬಿಡುತ್ತದೆಯೋ ಎಂಬಂತೆ ತುಟಿ ಬಿಗಿದುಕೊಂಡಿದ್ದರು. ಅವರ ರೈಲು ತಡವಾಗಿದ್ದರಿಂದ ಹಸುಗಳನ್ನು ತಾವೇ ಮೊದಲು ನೋಡಲು ಸಮಯವಿರಲಿಲ್ಲ. ರಿಜಿಸ್ಟರನ್ನೇ ನಂಬಿ ಶುರುಮಾಡಿದರು. ಒಂದು ಹಸುವಿಗೆ ಮೂವರು ವಿದ್ಯಾರ್ಥಿಗಳು. ಯಾರಿಗೆ ಯಾವ ಹಸು ಎಂದು ಚೀಟಿ ಎತ್ತಬೇಕು. ನಲವತ್ತೊಂದರ ಚೀಟಿ ಬಂದುದು ಏಣಿಗೆ, ಪುಸ್ತಕದ ಹುಳು ಎಂದೇ ಹೆಸರಾಗಿದ್ದ ಒಬ್ಬ ಹುಡುಗಿಗೆ ಮತ್ತು ಕೊನೆಯದಾಗಿ ಮೇಷ್ಟ್ರ ಮಗಳಿಗೆ.

ಈ ದಿನ ಯಾರಿಗೂ ಹಗ್ಗ ಜಗ್ಗುವುದಿಲ್ಲವೆಂದು ಮೇಷ್ಟ್ರು ಹಲ್ಲು ಕಚ್ಚಿ ನಿಂತಿದ್ದರು. ಆದರೆ ಏಣಿ ಭುಜದವರೆಗೆ ಕೈ ಹಾಕಿಕೊಂಡು, ಬೆವರು ಸುರಿಸುತ್ತಾ, ಹಸುವಿನ ಬೆನ್ನ ಮೇಲಿಂದ ಅವರನ್ನು ನೋಡಿದ ನೋಟ, ಮಳೆಯಲ್ಲಿ ನಿಂತ ಕರುವಿನ ನೋಟದಂತಿತ್ತು. ಕೈ ತಾನಾಗಿಯೇ ಮೂರು ಬಾರಿ ಜಗ್ಗಿತು.

“ಮೂರು ತಿಂಗಳು, ಸರ್!”

ಪುಸ್ತಕದ ಹುಳು ಬಂದಳು. ಒಬ್ಬನಿಗೆ ಕೊಟ್ಟು ಇನ್ನೊಬ್ಬಳಿಗೆ ಇಲ್ಲವೆನ್ನುವುದು ಹೇಗೆ? ಮತ್ತೆ ಮೂರು.

“ಮೂರು ತಿಂಗಳು, ಸರ್.”

ಆಮೇಲೆ ಮಗಳು ಬಂದಳು. ಅಪ್ಪನ ಕಡೆ ನೋಡಲೇ ಇಲ್ಲ. ಕೈಗವಸು ಏರಿಸಿ, ಸಾಬೂನು ನೀರು ಸವರಿಕೊಂಡು, ಕಣ್ಣು ಮುಚ್ಚಿ ಕೈಯಿಳಿಸಿದಳು. ಒಂದು ನಿಮಿಷ ಕಳೆಯಿತು, ಎರಡಾಯಿತು. ಅವಳ ಹುಬ್ಬು ಗಂಟಿಕ್ಕಿತು. ಕೈ ಇನ್ನೂ ಒಳಕ್ಕೆ ಹೋಗಿ ಹುಡುಕಿತು. ಪರೀಕ್ಷಕರು ಗಡಿಯಾರ ನೋಡಿಕೊಂಡರು.

ಮೇಷ್ಟ್ರು ಮಗಳ ಹುಬ್ಬನ್ನೇ ನೋಡುತ್ತಿದ್ದರು. ಸಿಗುತ್ತಿಲ್ಲ, ನನ್ನ ಮಗುವಿಗೆ ಸಿಗುತ್ತಿಲ್ಲ. ಊರವರಿಗೆಲ್ಲ ಬಡಿಸಿ ಮನೆಮಗಳ ಮುಂದೆ ಬರಿದಾದ ತಟ್ಟೆ ಇಡುವುದೇ? ಕೊಟ್ಟ ಮಾತನ್ನು ನೆನೆದು ಹಗ್ಗವನ್ನು ಒಮ್ಮೆ ಸಡಿಲ ಬಿಟ್ಟರು, ಮತ್ತೆ ಹಿಡಿದರು. ಕೊನೆಗೆ ಜಗ್ಗಿಯೇಬಿಟ್ಟರು. ಒಂದು, ಎರಡು, ಮೂರು.

ಮಗಳು ಕಣ್ಣು ತೆರೆದಳು. ಹಸುವಿನ ಅಲುಗಿ ನಿಂತ ಕಿವಿಯನ್ನು ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು. ಕಣ್ಣು ಮುಚ್ಚಿ ಮತ್ತೊಮ್ಮೆ ನಿಧಾನವಾಗಿ ತಡವಿ ನೋಡಿದಳು.

“ಖಾಲಿ, ಸರ್.”

ಪರೀಕ್ಷಕರು ರಿಜಿಸ್ಟರ್ ನೋಡಿದರು. “ಸರಿಯಾಗಿ ನೋಡಿದ್ರಾ? ಇನ್ನೊಂದು ಸಲ ನೋಡ್ತೀರಾ?”

“ಎರಡು ಸಲ ನೋಡಿದೆ, ಸರ್. ಗರ್ಭಕೋಶದ ಎರಡೂ ಕೊಂಬು ಒಂದೇ ದಪ್ಪ ಇವೆ. ನೀರು ತುಂಬಿದ ಹಾಗೆ ಏನೂ ಇಲ್ಲ. ಇಡೀದು ನನ್ನ ಅಂಗೈಲೇ ಹಿಡಿಸ್ತಿದೆ. ಮೂರು ತಿಂಗಳಾಗಿದ್ರೆ ಹಿಡಿಸ್ತಿರ್ಲಿಲ್ಲ.”

ಪರೀಕ್ಷಕರು ಕೋಟು ಕಳಚಿ ಪ್ರೊಫೆಸರ ಕೈಗೆ ಕೊಟ್ಟು, ತಾವೇ ಕೈಗವಸು ತೊಟ್ಟರು. ಅವರು ಕೈ ಹೊರತೆಗೆದು, “ಖಾಲಿ” ಎಂದರು. ನಂಬಲಾರದೆ ಪ್ರೊಫೆಸರೂ ನೋಡಿದರು. ಖಾಲಿಯೇ. ನಡುವಿನ ಆರು ವಾರಗಳಲ್ಲಿ, ಮೇಯುವ ಬಯಲಿನಲ್ಲಿ ಎಲ್ಲಿಯೋ, ಯಾರ ಕಣ್ಣಿಗೂ ಬೀಳದಂತೆ ಗರ್ಭ ಕಳಚಿಹೋಗಿತ್ತು.

“ಹಾಗಾದ್ರೆ ಆ ಇಬ್ಬರಿಗೆ ಮೂರು ತಿಂಗಳ ಕರು ಎಲ್ಲಿಂದ ಬಂತು?” ಎಂದು ಕೇಳುತ್ತಾ ಪರೀಕ್ಷಕರು ನಿಧಾನವಾಗಿ ಹಗ್ಗದತ್ತ ತಿರುಗಿದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡಂತೆ, ಮೇಷ್ಟ್ರು ಹಗ್ಗವನ್ನು ಬೆನ್ನ ಹಿಂದಕ್ಕೆ ಸರಿಸಿದರು. “ನೀವೇನು ಹೇಳ್ತೀರಿ?” ಎಂದರು ಪರೀಕ್ಷಕರು.

“ನಾನು ತಲೆ ಕಡೆಯವನು, ಸಾರ್. ವಿಷಯ ಇರೋದು ಆ ಕಡೆ.”

ಹುಡುಗರು ಕಿಸಕ್ಕನೆ ನಕ್ಕರು. ಪರೀಕ್ಷಕರು ನಗಲಿಲ್ಲ, ಮಗಳೂ ನಗಲಿಲ್ಲ. ಅವಳ ಮುಖ ನೋಡಿದ ಮೇಲೆ ಮೇಷ್ಟ್ರಿಗೆ ತಮಾಷೆ ಮುಂದುವರಿಸುವ ಧೈರ್ಯವಾಗಲಿಲ್ಲ. ಹಗ್ಗವನ್ನು ಮುಂದಕ್ಕೆ ತಂದು ಹಿಡಿದರು.

“ನಾನೇ, ಸಾರ್. ಮೂವರಿಗೂ ಜಗ್ಗಿದೆ. ಇವಳಿಗೆ ಜಗ್ಗಲ್ಲ ಅಂತ ಮಾತು ಕೊಟ್ಟಿದ್ದೆ, ಆದ್ರೂ ಜಗ್ಗಿದೆ. ಇವಳೊಬ್ಬಳೇ ತಗೊಳ್ಳಲಿಲ್ಲ. ಇವಳು ನನ್ನ ಮಗಳು.”

ಪರೀಕ್ಷಕರು ಬಹಳ ಹೊತ್ತು ಕೈ ತೊಳೆದರು. ಆಮೇಲೆ, “ಎಷ್ಟು ವರ್ಷ ಆಯ್ತು ಹಗ್ಗ ಹಿಡಿದು?” ಎಂದರು.

“ಇಪ್ಪತ್ತಾರು, ಸಾರ್.”

“ಇಲ್ಲಿಂದ ಹೋದ ಡಾಕ್ಟ್ರು ಯಾರದೋ ಕೊಟ್ಟಿಗೇಲಿ ಕೈ ಹಾಕಿ ನಿಂತಾಗ, ಅಲ್ಲಿ ಹಗ್ಗ ಹಿಡಿಯೋಕೆ ನೀವು ಹೋಗ್ತೀರಾ?”

ಮೇಷ್ಟ್ರು ಕೈಯಲ್ಲಿದ್ದ ಹಗ್ಗವನ್ನು ನೋಡಿಕೊಂಡರು. ಅಷ್ಟು ವರ್ಷ ಅಳುವ ಮುಖಗಳನ್ನು ಕಂಡಿದ್ದರೇ ಹೊರತು, ಆ ಮುಖಗಳು ಮುಂದೆ ಹೋಗಿ ನಿಲ್ಲುವ ಕೊಟ್ಟಿಗೆಗಳನ್ನು ಅವರು ಕಂಡಿರಲಿಲ್ಲ.

ಏಣಿಗೂ ಪುಸ್ತಕದ ಹುಳುವಿಗೂ ಬೇರೊಂದು ಸಾಧು ಹಸುವಿನ ಮೇಲೆ ಮರುಪರೀಕ್ಷೆಯಾಯಿತು. ಹಗ್ಗವನ್ನು ಕಂಬಕ್ಕೆ ಕಟ್ಟಿ, ಮೇಷ್ಟ್ರನ್ನು ಹೊರಗೆ ಕೂರಿಸಿದರು. ಏಣಿ ಆಶ್ಚರ್ಯವೆಂಬಂತೆ ಸರಿಯಾಗಿ ಹೇಳಿದ. ಪುಸ್ತಕದ ಹುಳು ಒಂದು ತಿಂಗಳು ತಪ್ಪಿ, ಅಂತೂ ಇಂತೂ ದಡ ಸೇರಿದಳು. ಪ್ರೊಫೆಸರು ಮೇಷ್ಟ್ರಿಗೆ ಹೇಳಿದ್ದು ಒಂದೇ ಮಾತು: “ಮುಂದಿನ ಸಲ ಬೆನ್ನು ನೋವು ಅಂದ್ರೆ ನಂಬ್ತೀನಿ.”

ಸಂಜೆ ಅಪ್ಪ ಮಗಳು ಕೊಟ್ಟಿಗೆಗಳ ಹಿಂದಿನ ಕಾಲುದಾರಿಯಲ್ಲಿ ಮನೆಗೆ ನಡೆದರು.

“ನೀನು ಜಗ್ಗಿದೆ” ಎಂದಳು ಮಗಳು.

“ಸೊಸೆ ಮೂತಿ ಮೇಲೆ ನೊಣ ಕೂತಿತ್ತು ಕಣೇ.”

“ಮೂರು ಸಲ ಕೂತಿತ್ತಾ?”

“ಹಟಮಾರಿ ನೊಣ.”

ಅವಳು ನಗಬಾರದೆಂದು ತುಟಿ ಕಚ್ಚಿದಳು, ಆದರೂ ನಕ್ಕಳು. ಮೇಷ್ಟ್ರು ಮಾತ್ರ ನಿಂತುಬಿಟ್ಟರು. “ನಿನ್ನ ಅಪ್ಪ ಇವತ್ತು ನಿನ್ನ ಮುಳುಗಿಸಿಬಿಡ್ತಿದ್ದ, ಮಗಳೇ. ಮೂರು ಅನ್ನೋದು ಅಷ್ಟು ಗಟ್ಟಿಯಾಗಿ ಗೊತ್ತಿತ್ತು ನಂಗೆ. ಆದ್ರೆ ನೋಡು, ಇಷ್ಟು ವರ್ಷದಲ್ಲಿ ನಾನು ಒಂದು ದಿನವೂ ಕೈ ಹಾಕಿ ನೋಡ್ದೋನಲ್ಲ. ಬರೆದಿದ್ದನ್ನ ನಂಬಿ ಜಗ್ಗಿದೋನು.”

ಊಟಕ್ಕೆ ಕುಳಿತಾಗ ಅಮ್ಮ ಎಲ್ಲವನ್ನೂ ಕೇಳಿ, “ನನ್ನ ಆಲೂಗಡ್ಡೆ ಗೆದ್ದಿತು” ಎಂದು ಬೀಗಿದಳು.

ಮರುದಿನ ಬೆಳಿಗ್ಗೆ ಹಾಲು ಕರೆದಾದ ಮೇಲೆ ಮಗಳು ಪ್ರೊಫೆಸರ ಒಪ್ಪಿಗೆ ಕೇಳಿಕೊಂಡು ಬಂದು, ಒಂದು ಉದ್ದನೆಯ ಕೈಗವಸನ್ನು ಅಪ್ಪನ ಮುಂದೆ ಹಿಡಿದಳು. ಸಾಧು ಹಸುವೊಂದು ಚೌಕಟ್ಟಿನಲ್ಲಿ ನಿಂತಿತ್ತು.

“ಅಯ್ಯೋ, ಈ ವಯಸ್ಸಲ್ಲಿ ನನಗ್ಯಾಕೆ?”

“ಕೈ ಹಾಕಪ್ಪಾ. ಉಗುರು ತೆಗೆದಿದ್ದೀಯಾ ತಾನೆ? ಬೆರಳು ಕೂಡಿಸಿಕೋ. ಅವಸರ ಬೇಡ, ಅದು ಬಿಗಿ ಹಿಡಿದ್ರೆ ನಿಲ್ಲು, ಸಡಿಲ ಬಿಟ್ಟಾಗ ಹೋಗು.”

ಮೇಷ್ಟ್ರು ಕಣ್ಣು ಮುಚ್ಚಿದರು. ಒಳಗೆ ಬೆಚ್ಚಗಿತ್ತು. ಮೊದಲು ಏನೂ ತಿಳಿಯಲಿಲ್ಲ. ಮಗಳು, “ಕೆಳಗೆ, ಇನ್ನೂ ಮುಂದೆ” ಎಂದು ಹೇಳುತ್ತಾ ಬಂದಳು. ಬೆರಳಿಗೆ, ಇಷ್ಟು ವರ್ಷ ಪಾಠದಲ್ಲಿ ಕೇಳಿಯಷ್ಟೇ ಗೊತ್ತಿದ್ದ ಗಬ್ಬದ ಗುರುತು, ಅಂಗಿಯ ಗುಂಡಿಗಳಂತಹ ಮೆತ್ತನೆಯ ಉಬ್ಬುಗಳು ಸಿಕ್ಕವು. ಪಕ್ಕದಲ್ಲೊಂದು ರಕ್ತನಾಳ, ಪೈಪಿನೊಳಗೆ ನೀರು ಹರಿದಂತೆ ಜುಂ ಎಂದಿತು. ಅವರ ಮೀಸೆಯ ತುದಿ ಮೇಲಕ್ಕೇರಿತು.

“ಇದೆ, ಮಗಳೇ! ಇದೆ!”

“ಎಷ್ಟು ತಿಂಗಳು?”

“ನಾಲ್ಕು...” ಎಂದು ತಡವರಿಸಿ, ಅವರು ಹಸುವಿನ ಬೆನ್ನ ಮೇಲಿಂದ ಆಸೆಯಿಂದ ತಲೆಯ ಕಡೆ ನೋಡಿದರು. ಅಲ್ಲಿ ಮಗಳು ಹಗ್ಗ ಹಿಡಿದು ನಿಂತಿದ್ದಳು. ಹಗ್ಗ ಅಲುಗಲಿಲ್ಲ. ಹಸುವಿನ ಕಿವಿಯೂ ಅಲುಗಲಿಲ್ಲ. ಅವಳು ಬೇರೆ ಕಡೆ ಮುಖ ತಿರುಗಿಸಿ, ಗಂಗೆದೊಗಲನ್ನು ನೀವುತ್ತಾ ಕಾದಳು.

ಮೇಷ್ಟ್ರು ಮತ್ತೆ ಕಣ್ಣು ಮುಚ್ಚಿ ತಡಕತೊಡಗಿದರು.