ಗುಡ್ಡ ಏರಿದ ದೀಪ

ದೆವ್ವ, ಭೂತ ಎಂದವರನ್ನು ಎದುರಿಗೇ ಗೇಲಿ ಮಾಡುತ್ತಿದ್ದ ಮನುಷ್ಯ ನಾನು. ಈಗಲೂ ದೆವ್ವ ನೋಡಿದೆ ಎನ್ನುತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮಂಡ್ಯದ ಕಡೆಯವನಾದ ನನಗೆ ರಸ್ತೆ ಸರ್ವೆ ತಂಡದ ಉಗ್ರಾಣ ನೋಡಿಕೊಳ್ಳುವ ಕೆಲಸ. ಚಿಮ್ಮನಚೋಡದ ಆಚೆ ಕಾಡಂಚಿನಲ್ಲಿ ನಾಲ್ಕು ಡೇರೆ. ಕರೆಂಟಿಲ್ಲ. ಸೀಮೆಎಣ್ಣೆ, ಟಾರ್ಚಿನ ಸೆಲ್ಲು ಎಲ್ಲ ನನ್ನ ಬೀಗದಲ್ಲಿ. ಸತ್ತ ಸೆಲ್ಲುಗಳನ್ನು ಕಾದ ಶಹಾಬಾದ್ ಕಲ್ಲಿನ ಮೇಲೆ ಬಿಸಿಲಿಗಿಟ್ಟು ಇನ್ನೆರಡು ದಿನ ಎಳೆಯುತ್ತಿದ್ದೆ. ಕತ್ತಲಾದ ಮೇಲೆ ರೇಡಿಯೊ ಇಲ್ಲ, ಹಾಡಿಲ್ಲ, ತಾಟು ಬಡಿಯುವಂತಿಲ್ಲ. ಪಕ್ಕದ ತಾಂಡಾದವರ ದನ ಬೆದರುತ್ತಿದ್ದವು. ಈ ಕಾನೂನೂ ನನ್ನದೇ. ಬೆನ್ನ ಹಿಂದೆ ನನ್ನನ್ನು ‘ಕಂಜೂಸ್ ಹೆಡ್‌ಮಾಸ್ತರ’ ಅನ್ನುತ್ತಿದ್ದರು. ಅದು ಕೇಳಿ ನನಗೆ ಒಳಗೊಳಗೇ ಹೆಮ್ಮೆ.

ಅವತ್ತು ಮಧ್ಯಾಹ್ನ ಅಳತೆಯ ಸರಪಳಿ ಹಿಡಿಯುವ ಮಾರುತಿ ಹೊಸ ಸೆಲ್ಲು ಕೇಳಿದ. ಗುಡ್ಡದ ಮೇಲೆ ನೆಟ್ಟ ಬಾವುಟಗಳನ್ನು ಕಿತ್ತು ತರಬೇಕಿತ್ತು. ಹೊತ್ತಿರುವಾಗಲೇ ಬಂದುಬಿಡು ಎಂದು, ಬಿಸಿಲಿಗಿಟ್ಟಿದ್ದ ಎರಡನ್ನೇ ಕೊಟ್ಟು ಕಳಿಸಿದೆ.

ಹೊತ್ತು ಮುಳುಗಿತು, ಮಾರುತಿ ಬರಲಿಲ್ಲ. ಹಳ್ಳದ ದಾರಿಯಲ್ಲಿ ಬರುತ್ತಿರಬಹುದೆಂದು ನಾನು, ಅಡಿಗೆಯ ಭೀಮಣ್ಣ ಬಿಟ್ಟು ಉಳಿದವರೆಲ್ಲ ಆ ಕಡೆ ಹುಡುಕಲು ಹೋದರು. ಅವನಿಗೇನಾದರೂ ಆದರೆ ಅದು ನನ್ನ ಎರಡು ಸೆಲ್ಲಿನಿಂದ. ಗುರುತಿಗೆಂದು ಗಳಕ್ಕೆ ಕಂದೀಲು ಕಟ್ಟಿದ್ದೆವು. ನಾನು ಡೇರೆಯೊಳಗಿದ್ದಾಗ ಭೀಮಣ್ಣ ಹೊರಗಿನಿಂದ ಹೇಳಿದ:

“ದೀಪ ಗುಡ್ಡ ಏರಿತ್ರಿ.”

ಯಾರದೋ ದೀಪ ಗುಡ್ಡ ಹತ್ತಿತೆಂದು ಬರಿಗೈಯಲ್ಲೇ ಓಡಿ ಬಂದೆ. ಮಬ್ಬು ಬೆಳಕಿನಲ್ಲಿ ಗುಡ್ಡದ ನಡುವೆ, ಬಂಡೆಗಳ ಪಕ್ಕ, ಒಂದು ಹಳದಿ ದೀಪ ಕದಲದೆ ನಿಂತಿತ್ತು. ನೇರ ಅದರ ಕಡೆಗೇ ಹತ್ತಿದೆ. ಹತ್ತಿರ ಹೋದರೆ ದೀಪವಿಲ್ಲ. ಉಸಿರು ಬಿಗಿಹಿಡಿದು ನಿಂತೆ. ಕೆಳಗೆ ಡೇರೆಗಳಲ್ಲಿ ಸದ್ದಿರಲಿಲ್ಲ, ಹಾಗಾಗಿ ಒಂದು ಸಣ್ಣ ದನಿ ಕೇಳಿಸಿತು. ಬಂಡೆಗಳ ಸಂದಿಯಲ್ಲಿ ಮಾರುತಿ, ಕಾಲು ಸಿಕ್ಕಿಸಿಕೊಂಡು ಬಿದ್ದಿದ್ದ.

ನೋವಿಗೆ ಕಣ್ಣು ಮುಚ್ಚಿದ್ದವನನ್ನು ಬೆನ್ನ ಮೇಲೆ ಹೊತ್ತು ಇಳಿದೆ. ಡೇರೆ ತಲುಪಿದ್ದೇ ದೊಡ್ಡ ಪಾತ್ರೆ ಎಳೆದುಕೊಂಡು ಸೌಟಿನಿಂದ ಬಡಿಯತೊಡಗಿದೆ. ಹಳ್ಳದಿಂದ ಓಡಿ ಬಂದವರು ತಾಟು ಬಡಿದರು, ತಾಂಡಾದವರು ಬಂದು ಕುಣಿದರು. ನನ್ನ ಕಾನೂನು ನಾನೇ ಮುರಿದು ಹಾಕಿದ ಆ ಗದ್ದಲದಲ್ಲಿ ಸಿಕ್ಕಷ್ಟು ಸಂತೋಷ ನನಗೆ ಜೀವನದಲ್ಲಿ ಮತ್ತೆ ಸಿಕ್ಕಿಲ್ಲ.

ಆಮೇಲೆ, ದೀಪ ತೋರಿಸಿದ್ದಕ್ಕೆ ಭೀಮಣ್ಣನ ಕೈ ಹಿಡಿದುಕೊಂಡೆ. ಅವನು ಕಕ್ಕಾಬಿಕ್ಕಿಯಾದ. ತೆಲುಗು ಗಡಿಯ ಅವನ ಊರಿನಲ್ಲಿ ದೀಪ ಆರಿತು ಎನ್ನಬಾರದಂತೆ, ಗುಡ್ಡ ಏರಿತು ಎನ್ನಬೇಕಂತೆ. ನಮ್ಮ ಕಡೆ ದೀಪ ದೊಡ್ಡದಾಯಿತು ಎನ್ನುವ ಹಾಗೆ. ಕಂದೀಲಿನ ಎಣ್ಣೆ ತೀರಿತ್ತು, ಅವನು ಹೇಳಿದ್ದು ಅಷ್ಟೇ. ಗುಡ್ಡದ ಮೇಲೆ ಅವನಿಗೆ ಏನೂ ಕಂಡಿರಲಿಲ್ಲ.

ಹಾಗಾದರೆ ನಾನು ಕಂಡದ್ದು ಮಾರುತಿಯ ಟಾರ್ಚು ಎಂದುಕೊಂಡೆ. ಮರುದಿನ ಅವನನ್ನೇ ಕೇಳಿದೆ. ಅದು ಹೊತ್ತು ಮುಳುಗುವ ಮೊದಲೇ ಸತ್ತಿತ್ತಂತೆ.

“ನೀವು ಕಂದೀಲ ಹಿಡಕೊಂಡು ಬರಲಿಕತ್ತಿದ್ರಲ್ಲರಿ ಸಾಹೇಬ್ರ,” ಅಂದ. “ಅದನ್ನ ನೋಡೇ ನಾ ಒದರಿದೆ.”

ಅಂದಿನಿಂದ ಕೇಳಿದವರಿಗೆಲ್ಲ ಹೊಸ ಸೆಲ್ಲು ಕೊಟ್ಟೆ. ಆ ದೀಪ ಯಾವುದೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಬರಿಗೈಯಲ್ಲಿ ಬಂದಿದ್ದೆ ಎಂದು ಮಾರುತಿಗೆ ಹೇಳುವ ಧೈರ್ಯವೂ ಇನ್ನೂ ಬಂದಿಲ್ಲ.