ಗುಡ್ ಫ್ರೈಡೇ ಬನ್ನಿಗೆ ಉಪ್ಪು

ಅಡುಗೆಮನೆಯಲ್ಲಿ ಮೂವರಿದ್ದೆವು. ಬನ್ನಿನ ರುಚಿ ನೋಡಬಲ್ಲವಳು ನಾನೊಬ್ಬಳೇ. ಪುಲಿಕೇಶಿನಗರದ ನಮ್ಮ ಬಾಡಿಗೆ ಮನೆಯ ಒಡತಿ, ಆಂಟಿಗೆ, ಗುಡ್ ಫ್ರೈಡೇ ಉಪವಾಸ. ತಮ್ಮ ದೊಡ್ಡ ಓವನ್ ಹೊತ್ತು ಇಳಿದು ಬಂದಿದ್ದ ಮಹಡಿ ಮನೆಯ ಆಪಾಗೆ ರಂಜಾನ್ ಉಪವಾಸ. ನಾನು ಧಾರವಾಡದವಳು, ಬೆಳಿಗ್ಗೆಯೇ ಅವಲಕ್ಕಿ ಮುಗಿಸಿದ್ದೆ. ಆದರೆ ಚಕ್ಕೆ, ಜಾಯಿಕಾಯಿ, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ ಹಾಕಿ, ಮೇಲೆ ಶಿಲುಬೆ ಬರೆಯುವ ಈ ಬನ್ನನ್ನು ಜನ್ಮದಲ್ಲಿ ತಿಂದವಳಲ್ಲ.

ಪ್ರತಿವರ್ಷ ಆಂಟಿ ಬೇಕರಿಯಿಂದ ತರುತ್ತಿದ್ದರು. ಆ ಸಲ ಬೇಕರಿ ಮುಚ್ಚಿಹೋಗಿತ್ತು. "ಅಮ್ಮ ಮಾಡ್ತಿದ್ದ ಹಾಗೇ ಮನೇಲೇ ಮಾಡ್ತೀನಿ" ಎಂದು ತಮ್ಮನ ಹೆಂಡತಿಯ ಎದುರು ಹೇಳಿಬಿಟ್ಟಿದ್ದರು. ಆಕೆಯೋ ಅತ್ತೆಯ ಕೈಯ ಬನ್ನು ವರ್ಷಗಟ್ಟಲೆ ತಿಂದವಳು. "ನೋಡೋಣ" ಎಂದಿದ್ದಳಂತೆ. ಆ ಒಂದು ಮಾತಿಗೆ ಆಂಟಿ ವಾರವಿಡೀ ನಿದ್ದೆಗೆಟ್ಟಿದ್ದರು.

ಓವನ್ನಿನಿಂದ ಬಂದ ಮೊದಲ ಬನ್ನನ್ನು ಮುರಿದು ನನ್ನ ಕೈಗಿಟ್ಟರು. "ಹೆಂಗಿದೆ ಮಾ?"

"ಛಲೋ ಅದ್ರೀ."

"ಛಲೋ ಗಿಲೋ ಬೇಡ. ಯಾವ್ ತರ ಇದೆ ಹೇಳು."

"ಹೋಳಿಗಿ ಹಾಂಗ. ಆದ್ರ ಉಬ್ಬೇದ."

"ಅಯ್ಯೋ ಜೀಸಸ್," ಎಂದರು ಆಂಟಿ. ಆಪಾ ಗೋಡೆಗೆ ಮುಖ ಮಾಡಿ ನಕ್ಕರು.

"ಇನ್ನೊಂದ್ಸಲ ಕಚ್ಚು. ಏನಾದ್ರೂ ಕಮ್ಮಿ ಇದ್ಯಾ?"

ಕಚ್ಚಿದೆ. "ಸಪ್ಪಗದ."

ಆಂಟಿ ಆಪಾ ಕಡೆ ತಿರುಗಿದರು. "ಉಪ್ಪು ನೀನ್ ಹಾಕ್ದೆ ಅಲ್ವಾ?"

"ನೈ ಆಂಟಿ, ನೀವು ಹಾಕಿದ್ರಿ ಅಂದ್ಕೊಂಡೆ."

ಇಬ್ಬರೂ ನನ್ನನ್ನು ನೋಡಿದರು. ನಾನು ಬರೀ ಹಿಟ್ಟು ನಾದಿದವಳು. ಬೇರೆ ದಿನವಾಗಿದ್ದರೆ ಅವರಿಬ್ಬರಲ್ಲಿ ಒಬ್ಬರು ಹಿಟ್ಟಿನ ಬೆರಳು ನೆಕ್ಕಿ ನೋಡಿಯೇ ಇರುತ್ತಿದ್ದರು.

ಬೆಣ್ಣೆಯ ಉಪಾಯ ಆಪಾದು ಎಂದು ನನ್ನ ನೆನಪು. ನನ್ನದು ಎಂದು ಆಪಾ ಈಗಲೂ ವಾದಿಸುತ್ತಾರೆ. ಆ ಮಾತು ಅವರ ಬಾಯಿಗೇ ಒಪ್ಪುತ್ತದೆ, ಅವರಿಗೇ ಕೊಡುತ್ತೇನೆ: "ಸೀಳಿ ಪ್ಯಾಕೆಟ್ ಬೆಣ್ಣೆ ಹಚ್ಚಿಬಿಡಿ. ಅದ್ರಲ್ಲಿ ಉಪ್ಪಿರುತ್ತೆ."

"ನಮ್ಮಮ್ಮ ಬೆಣ್ಣೆ ಹಚ್ತಾನೇ ಇರ್ಲಿಲ್ಲ!"

"ಹಚ್ತಿದ್ರು ಅನ್ನಿ."

"ಉಪವಾಸದ ದಿನ ಸುಳ್ಳು ಹೇಳಿಸ್ತೀಯಾ?"

"ಹೇಳ್ಬೇಡಿ. ಬರೀ ಹಚ್ಚಿ."

ಹಚ್ಚಿದೆವು. ಸಂಜೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ನಾನು ಬುಟ್ಟಿ ಹಿಡಿದು ಚರ್ಚಿನ ಅಂಗಳದಲ್ಲಿ ನಿಂತಿದ್ದೆ. ಎಲ್ಲರೂ ಅಲ್ಲೇ ಉಪವಾಸ ಬಿಡುವುದು. ಮೊದಲ ಬನ್ನು ತಮ್ಮನ ಹೆಂಡತಿಗೆ ಹೋಯಿತು. ಆಕೆ ಅಗಿದಳು. ಅಗಿಯುತ್ತಲೇ ಇದ್ದಳು. ಆಂಟಿ ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದರು.

"ಬೆಣ್ಣೆ!" ಎಂದಳು ಆಕೆ. "ಅತ್ತೇನೂ ಹಿಂಗೇ ಹಚ್ಚೋರು. ನಂಗೆ ಚೆನ್ನಾಗ್ ನೆನಪಿದೆ."

ಆಂಟಿ ನನ್ನನ್ನು ನೋಡಿದರು. ಬುಟ್ಟಿಯಿಂದ ಒಂದು ಬನ್ನು ತೆಗೆದು ಇಡಿಯಾಗಿ ಬಾಯಿಗೆ ತುರುಕಿಕೊಂಡರು. ಸುಳ್ಳಂತೂ ಹೇಳಲಿಲ್ಲ, ಬಾಯಿ ತುಂಬಿತ್ತು.

ಈಗ ನಾವು ಹಿಟ್ಟಿಗೆ ಉಪ್ಪು ಹಾಕುತ್ತೇವೆ, ಬೆಣ್ಣೆಯನ್ನೂ ಬಿಡುವುದಿಲ್ಲ. ಅಮ್ಮ ಬೆಣ್ಣೆ ಹಚ್ಚುತ್ತಿದ್ದ ಚಾಕುವಿಗೆ ಹಸಿರು ಹಿಡಿ ಇತ್ತು ಎಂದು ಹೋದ ವರ್ಷ ಆಂಟಿ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಅಮ್ಮನನ್ನು ನಾನು ಕಂಡವಳೇ ಅಲ್ಲ. ಆದರೂ ತಡೆಯಲಾಗದೆ ತಿದ್ದಿದೆ: "ಹಸಿರಲ್ರೀ ಆಂಟಿ, ಕೆಂಪು."

ಆಂಟಿ ಒಂದು ಕ್ಷಣ ಯೋಚಿಸಿ, ಹೌದು ಎಂದರು.